ಮನೆ ವರ್ಕ್‌ಶಾಪಿನಲ್ಲಿ ಬೀಮ್ ಎಂಜಿನ್: ಎರಕದ ಸೆಟ್ಟೋ, ರಾಡು-ಪಟ್ಟಿಯೋ? ಮಾಡಿದವರು ಅನುಭವ ಹೇಳಿ

ಹೊಸ ಲೇತ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಸಣ್ಣ ಆಸಿಲೇಟಿಂಗ್ ಎಂಜಿನ್ ಎರಡು ಮಾಡಿದ್ದೇನೆ, ಎರಡೂ ಓಡುತ್ತವೆ. ಈಗ ಸ್ಟೀಮ್ ಬೀಮ್ ಎಂಜಿನ್ (ನಡುವೆ ತೂಗುವ ತೊಲೆ, ಒಂದು ತುದಿಗೆ ಪಿಸ್ಟನ್, ಇನ್ನೊಂದಕ್ಕೆ ಕ್ರ್ಯಾಂಕ್) ಮಾಡುವ ಆಸೆ. ನನ್ನ ಹತ್ತಿರ ಇರುವುದು ಸೆಂಟರ್ ಎತ್ತರ 90 ಮಿಮೀ ಇರುವ ಲೇತ್, ಒಂದು ಡ್ರಿಲ್ ಪ್ರೆಸ್. ಮಿಲ್ಲಿಂಗ್ ಮಷೀನ್ ಇಲ್ಲ. ನೋಡಿಟ್ಟುಕೊಂಡಿರುವ ಡ್ರಾಯಿಂಗಿನಲ್ಲಿ ಬೋರ್ (ಸಿಲಿಂಡರಿನ ಒಳವ್ಯಾಸ) 1 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಟ) 2 ಇಂಚು, ಫ್ಲೈವೀಲ್ 7 ಇಂಚು. ಎರಕದ ಸೆಟ್ (ಅಚ್ಚಿನಲ್ಲಿ ಹೊಯ್ದ ಹಸಿ ಭಾಗಗಳು) ತಗೊಳ್ಳಲೋ, ಅಂಗಡಿಯ ರಾಡು-ಪಟ್ಟಿ ಕತ್ತರಿಸಿಯೇ ಮಾಡಲೋ? 7 ಇಂಚಿನ ಫ್ಲೈವೀಲ್ ನನ್ನ ಲೇತಿನಲ್ಲಿ ತಿರುಗುತ್ತದಾ? ದಯವಿಟ್ಟು ಹೇಳಿ.

ಬೀಡು ಕಬ್ಬಿಣ

ಎರಕದ ಸೆಟ್ಟೇ ತಗೊಳ್ಳಿ, ಎರಡನೇ ಮಾತೇ ಇಲ್ಲ. ನಾನು ಮಾಡಿದ್ದೂ ಇದೇ ಅಳತೆಯದು. 14 ತಿಂಗಳು ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 412 ಗಂಟೆ. ಅದರಲ್ಲಿ ಫ್ಲೈವೀಲ್ ಒಂದಕ್ಕೇ 38. ರಿಮ್ಮಿನಲ್ಲಿ ಎರಡು ಕಡೆ ಗಾಜಿನಂಥ ಗಡಸು ಜಾಗ ಇತ್ತು. ಅಚ್ಚಿನೊಳಗೆ ಬೇಗ ತಣ್ಣಗಾದ ಜಾಗ ಹೀಗಾಗುತ್ತದೆ. ಟೂಲ್ ಅಲ್ಲಿಗೆ ಬಂದ ಕೂಡಲೇ ಕಿರ್ರ್ ಅಂತ ಸದ್ದು. ನಿಲ್ಲಿಸಿ ನೋಡಿದರೆ ಮೊನೆ ಸವೆದು ಹೊಳೆಯುತ್ತಿರುತ್ತಿತ್ತು. ಕಾರ್ಬೈಡ್ ತುದಿ ನಾಲ್ಕು ಹೋದವು. ಕೊನೆಗೆ ಇಡೀ ಚಕ್ರವನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ಹಾಗೇ ಬಿಟ್ಟೆ. ಬೆಳಿಗ್ಗೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಆಮೇಲೆ ಅದೇ ಜಾಗದಲ್ಲಿ ಕಪ್ಪು ಪುಡಿ ಸರಾಗವಾಗಿ ಸುರಿಯಿತು.

ಮೊದಲ ಕಟ್ ಯಾವತ್ತೂ ಮೇಲ್ಪದರದ ಕೆಳಗೆ ಹೋಗಬೇಕು. ಹೆದರಿ ಹೆದರಿ 0.2 ಮಿಮೀ ಕೆರೆದರೆ ಅಲ್ಲಿ ಕೂತಿರುವ ಮರಳೇ ಟೂಲನ್ನು ತಿಂದುಬಿಡುತ್ತದೆ. ನೇರವಾಗಿ 1 ಮಿಮೀ ಇಳಿಸಿ.

ಸಿಲಿಂಡರನ್ನು ಫೇಸ್‌ಪ್ಲೇಟಿಗೆ ಕಟ್ಟಿ ಬೋರ್ ಮಾಡಿದೆ. ಒಂದು ತುದಿ 25.40 ಬಂತು, ಇನ್ನೊಂದು 25.36. ಆ 0.04 ತೆಗೆಯುವುದಕ್ಕೆ ಅಲ್ಯೂಮಿನಿಯಂ ಲ್ಯಾಪ್ ಮಾಡಿ, ಪೇಸ್ಟ್ ಹಚ್ಚಿ, ಎರಡು ಭಾನುವಾರ ಪೂರ್ತಿ ಉಜ್ಜಿದೆ. ಇವತ್ತು ನನ್ನ ಎಂಜಿನ್ ಅರ್ಧ ಬಾರ್ ಒತ್ತಡದಲ್ಲಿ ನಿಮಿಷಕ್ಕೆ 40 ಸುತ್ತು ತಿರುಗುತ್ತದೆ, ಒಂದು ತಟ್ಟು ಸದ್ದಿಲ್ಲ. ಬೀಮಿನ ಹೊಟ್ಟೆಯ ಬಾಗು, ಕಂಬಗಳ ಮೈಕಟ್ಟು, ಇವೆಲ್ಲ ಪಟ್ಟಿ ಕತ್ತರಿಸಿ ಬರುವಂಥದ್ದಲ್ಲ.

ರಾಡು-ಪಟ್ಟಿ

ಎರಕದ ಸೆಟ್ ಅಂದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಸಿಲಿಂಡರ್ ಬೋರಿನ ಕೊನೆಯ ಕಟ್. ಉಳಿದಿದ್ದು ಬರೀ 0.3 ಮಿಮೀ. ಟಾರ್ಚ್ ಹಾಕಿ ನೋಡಿದರೆ ಒಳಗೋಡೆಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಗುಂಡುಪಿನ್ ತೂರಿಸಿದೆ, 4 ಮಿಮೀ ಒಳಗೆ ಹೋಯಿತು. ನೇರ ಸ್ಟೀಮ್ ದಾರಿಗೇ ತೂತು. 31 ಗಂಟೆಯ ಕೆಲಸ ಅಲ್ಲಿಗೆ ಮಣ್ಣುಪಾಲು. ಬದಲಿ ಎರಕಕ್ಕೆ 11 ವಾರ ಕಾದೆ. ಬಂದದ್ದರಲ್ಲಿ ಕೋರ್ ಸರಿದಿತ್ತು. ಒಂದು ಕಡೆ ಗೋಡೆ 5 ಮಿಮೀ, ಎದುರು ಕಡೆ 3.

ಆಮೇಲೆ ಎಲ್ಲವನ್ನೂ ಬಾರ್ ಸ್ಟಾಕಿನಲ್ಲೇ ಮಾಡಿದೆ. ಸಿಲಿಂಡರಿಗೆ ಕಂಟಿನ್ಯುಯಸ್ ಕಾಸ್ಟ್ ಬೀಡಿನ ರಾಡು. ಅದರೊಳಗೆ ಮರಳೂ ಇಲ್ಲ, ಗಾಳಿಗುಳ್ಳೆಯೂ ಇಲ್ಲ. ಬೀಮಿಗೆ 3 ಮಿಮೀ ಉಕ್ಕಿನ ತಗಡು ಎರಡು, ನಡುವೆ ಸ್ಪೇಸರ್, ರಿವೆಟ್ ಹೊಡೆದು ಅಂಚನ್ನು ಅರ ಹಾಕಿ ಬಾಗಿಸಿದ್ದು. ನೋಡಿದವರು ಯಾರೂ ಎರಕ ಅಲ್ಲ ಅಂತ ಹೇಳಿಲ್ಲ. ಕಂಬಗಳು ಸೆಂಟರ್ ನಡುವೆ ಟರ್ನ್ ಮಾಡಿದ್ದು.

ನಿಜವಾದ ಕಷ್ಟ ಪೋರ್ಟ್, ಅಂದರೆ ಸ್ಟೀಮ್ ಹೋಗುವ ಸೀಳು, ಕಡಿಯುವುದು. ನನ್ನ ಹತ್ತಿರವೂ ಮಿಲ್ಲಿಂಗ್ ಮಷೀನ್ ಇರಲಿಲ್ಲ. ಲೇತಿಗೇ ವರ್ಟಿಕಲ್ ಸ್ಲೈಡ್ ಹಾಕಿ, 2 ಮಿಮೀ ಸ್ಲಾಟ್ ಡ್ರಿಲ್ ಚಕ್ಕಿನಲ್ಲಿ ಹಿಡಿದು, ಸಲಕ್ಕೆ 0.15 ಮಿಮೀ ಮಾತ್ರ ಇಳಿಸುತ್ತಿದ್ದೆ. ಮೊದಲ ಎರಡು ಪೋರ್ಟ್ ಚೆನ್ನಾಗಿ ಬಂದವು. ಮೂರನೆಯದರಲ್ಲಿ ಟಿಕ್ ಅಂತ ಒಂದು ಸಣ್ಣ ಸದ್ದು. ಕಟರ್ ತುಂಡು ಒಳಗೇ ಉಳಿಯಿತು. ಒಟ್ಟು ಐದು ಕಟರ್, ನಾಲ್ಕು ಎಂ2 ಟ್ಯಾಪ್ (2 ಮಿಮೀ ಸ್ಕ್ರೂ ಎಳೆ ಕಡಿಯುವುದು) ಮುರಿದಿದ್ದೇನೆ. ಒಂದು ಟ್ಯಾಪ್ ಗನ್‌ಮೆಟಲ್ (ಕಂಚಿನ ಜಾತಿ) ವಾಲ್ವ್ ಚೆಸ್ಟಿನಲ್ಲಿ ಮುರಿಯಿತು. ಪಟಿಕದ ದ್ರಾವಣದಲ್ಲಿ ಮೂರು ದಿನ ಬಿಸಿಯಾಗಿ ಇಟ್ಟೆ, ಟ್ಯಾಪ್ ಕರಗಿ ಕಪ್ಪು ಕೆಸರಾಗಿ ಹೋಯಿತು, ಗನ್‌ಮೆಟಲಿಗೆ ಏನೂ ಆಗಲಿಲ್ಲ. ಬೀಡಿನಲ್ಲಿ ಮುರಿದರೆ ಈ ಉಪಾಯ ಮಾಡಬೇಡಿ, ಸಿಲಿಂಡರನ್ನೇ ತಿಂದುಬಿಡುತ್ತದೆ.

ಬೀಡು ಕಬ್ಬಿಣ

ಗಾಳಿಗುಳ್ಳೆಗೆ ಎರಕವನ್ನು ಬೈದು ಏನು ಪ್ರಯೋಜನ? ಕೈಗೆ ಬಂದ ದಿನವೇ ದಾರದಲ್ಲಿ ತೂಗುಹಾಕಿ ತಟ್ಟಿ ನೋಡಬೇಕು. ಗಂಟೆಯ ಹಾಗೆ ನುಡಿದರೆ ಒಳ್ಳೆಯದು. ಬೋರಿನೊಳಗೆ ಲೈನರ್ ಕೊಳವೆ ಹಾಕಿಯೂ ಉಳಿಸಬಹುದಿತ್ತು.

ರಾಡು-ಪಟ್ಟಿ

ಸ್ವಾಮಿ, ತಟ್ಟಿದರೆ ಬಿರುಕು ಗೊತ್ತಾಗುತ್ತದೆ. ಒಳಗೆ ಅಡಗಿರುವ ಸಾಸಿವೆ ಕಾಳಿನಷ್ಟು ಗುಳ್ಳೆ ಗೊತ್ತಾಗುವುದಿಲ್ಲ. ನಾನೂ ತಟ್ಟಿದ್ದೆ, ಚೆನ್ನಾಗಿಯೇ ನುಡಿದಿತ್ತು. ಇನ್ನು 3 ಮಿಮೀ ಗೋಡೆಯಲ್ಲಿ ಲೈನರಿಗೆ ಜಾಗ ಎಲ್ಲಿಂದ ತರಲಿ? ನಿಮ್ಮದು ಸರಿಯಾಗಿ ಬಂತು ಅಂತ ಬೇರೆಯವರಿಗೆ ಕೆಲಸ ಬರುವುದಿಲ್ಲ ಅನ್ನಬೇಡಿ.

ಎರಡನೇ ಬೀಮ್

ಇಬ್ಬರೂ ಸಿಲಿಂಡರಿನ ಹತ್ತಿರವೇ ನಿಂತುಬಿಟ್ಟಿರಿ. ಬೀಮ್ ಎಂಜಿನ್ ಸೋಲುವುದೋ ಗೆಲ್ಲುವುದೋ ಪ್ಯಾರಲಲ್ ಮೋಷನ್ನಿನಲ್ಲಿ, ಅಂದರೆ ಪಿಸ್ಟನ್ ರಾಡನ್ನು ನೇರ ನಡೆಸುವ ಕೊಂಡಿಗಳಲ್ಲಿ. ಬೀಮಿನ ತುದಿ ಕಮಾನಿನ ಹಾಗೆ ಚಲಿಸುತ್ತದೆ, ಪಿಸ್ಟನ್ ರಾಡ್ ಮಾತ್ರ ನೇರ ಹೋಗಬೇಕು. ನ್ಯೂಕಮನ್ 1712ರಲ್ಲಿ ಕಟ್ಟಿದ ಎಂಜಿನ್ನಿಗೆ ಈ ತೊಂದರೆ ಇರಲಿಲ್ಲ. ಅದರ ಪಿಸ್ಟನ್ ಕೆಳಗೆ ಎಳೆಯುವುದಷ್ಟೇ, ಸರಪಳಿ ಸಾಕಾಗಿತ್ತು. ಜೇಮ್ಸ್ ವಾಟ್ ಪಿಸ್ಟನ್ನಿನ ಎರಡೂ ಕಡೆ ಸ್ಟೀಮ್ ಕೊಟ್ಟ ಮೇಲೆ ಪಿಸ್ಟನ್ ಮೇಲಕ್ಕೆ ತಳ್ಳಲೂಬೇಕಾಯಿತು. ಸರಪಳಿ ತಳ್ಳುತ್ತದಾ? ಅದಕ್ಕೇ 1784ರಲ್ಲಿ ಈ ಕೊಂಡಿಗಳ ಜೋಡಣೆ ಬಂದದ್ದು. ತಾನು ಮಾಡಿದ್ದರಲ್ಲೆಲ್ಲ ಇದರ ಬಗ್ಗೆಯೇ ಜಾಸ್ತಿ ಹೆಮ್ಮೆ ಅಂತ ಅವನೇ ಮುಪ್ಪಿನಲ್ಲಿ ಬರೆದಿದ್ದಾನೆ.

ನನ್ನ ಮೊದಲ ಎಂಜಿನ್ ಇದರಲ್ಲೇ ಕೆಟ್ಟಿತು. ಸ್ಟ್ರೋಕ್ 50 ಮಿಮೀ, ಬೀಮಿನ ಅರ್ಧ ಉದ್ದ 100. ಸಿಲಿಂಡರ್ ಮಧ್ಯವನ್ನೂ ಸರಿಯಾಗಿ 100ಕ್ಕೇ ಕೂರಿಸಿದೆ. ಎಲ್ಲ ಜೋಡಿಸಿ, ಫ್ಲೈವೀಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿದೆ. ಮಧ್ಯದಲ್ಲಿ ಹಗುರ. ಮೇಲಿನ ತುದಿಗೆ 6 ಮಿಮೀ ಇರುವಾಗ ಬೆರಳಿಗೆ ಬಿಗಿ ಸಿಕ್ಕಿತು. ಇನ್ನೂ ಸ್ವಲ್ಪ ಒತ್ತಿದರೆ ಗ್ಲ್ಯಾಂಡ್ (ರಾಡ್ ಸಿಲಿಂಡರಿನಿಂದ ಹೊರಬರುವಲ್ಲಿನ ಸೀಲ್) ಪಕ್ಕದಲ್ಲಿ ರಾಡ್ ಬಾಗುವುದು ಕಣ್ಣಿಗೇ ಕಾಣುತ್ತಿತ್ತು. ಕೆಳಗಿನ ತುದಿಯಲ್ಲೂ ಹಾಗೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಕೊಂಡಿ ಒಂದು ಕಡೆ, ಸಿಲಿಂಡರ್ ಇನ್ನೊಂದು ಕಡೆ. ಏಳು ವಾರ ಗ್ಲ್ಯಾಂಡನ್ನೇ ಅನುಮಾನಿಸಿದೆ. ಮೂರು ಗ್ಲ್ಯಾಂಡ್ ಬುಷ್ ಹೊಸದಾಗಿ ಮಾಡಿದೆ. ತಪ್ಪು ಅಲ್ಲಿರಲೇ ಇಲ್ಲ.

ಬೀಮ್ 25 ಮಿಮೀ ಮೇಲೆ ಹೋದಾಗ ಅದರ ತುದಿ 3.2 ಮಿಮೀ ಒಳಕ್ಕೆ ಬಂದಿರುತ್ತದೆ. ಸಿಲಿಂಡರ್ ಮಧ್ಯ ಆ 3.2ರ ಅರ್ಧದಲ್ಲಿ ಇರಬೇಕು. ಅಂದರೆ 100ಕ್ಕೆ ಅಲ್ಲ, 98.4ಕ್ಕೆ. ಬೆಡ್‌ಪ್ಲೇಟಿನ ತೂತುಗಳನ್ನು ಉದ್ದ ಮಾಡಿ ಸಿಲಿಂಡರನ್ನು 1.6 ಮಿಮೀ ಸರಿಸಿದೆ. ಅರ್ಧಕ್ಕರ್ಧ ಬಿಗಿ ಹೋಯಿತು.

ಉಳಿದರ್ಧ ರೇಡಿಯಸ್ ರಾಡಿನದು, ಅಂದರೆ ಕೊಂಡಿಗಳನ್ನು ಚೌಕಟ್ಟಿಗೆ ಹಿಡಿದಿಡುವ ರಾಡಿನದು. ಬೀಮಿನ ಪಿವಟ್‌ನಿಂದ ಬೀಮಿನ ಒಳಗಿನ ಪಿನ್ನಿಗೆ ಇರುವ ದೂರವನ್ನು ಅದರಿಂದಲೇ ಗುಣಿಸಿ, ಒಳಗಿನ ಪಿನ್ನಿನಿಂದ ತುದಿಯ ಪಿನ್ನಿಗೆ ಇರುವ ದೂರದಿಂದ ಭಾಗಿಸಿದರೆ ಅದರ ಉದ್ದ ಸಿಗುತ್ತದೆ. ಪಿನ್ ಸರಿಯಾಗಿ ನಡುವೆ ಇದ್ದರೆ, ನನ್ನ ಹಾಗೆ 50-50, ರಾಡೂ 50 ಮಿಮೀ. ನನ್ನದು 50.6 ಆಗಿತ್ತು. ಎರಡನೇ ಎಂಜಿನ್ನಿಗೆ ಎಲ್ಲ ಜೋಡಿ ಕೊಂಡಿಗಳನ್ನೂ ಒಂದರ ಮೇಲೊಂದು ಬೆಸುಗೆ ಹಾಕಿ ಒಂದೇ ಸಲ ಡ್ರಿಲ್ ಮಾಡಿ, ರೀಮ್ ಮಾಡಿ, ಆಮೇಲೆ ಕಾಯಿಸಿ ಬಿಡಿಸಿದೆ. ಇಂಚಿನ ಡ್ರಾಯಿಂಗನ್ನು ಮಿಲಿಮೀಟರಿಗೆ ತರುವಾಗ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ರೌಂಡ್ ಮಾಡಿದವರಿಗೆ ಇದೇ ಗತಿ.

ರಾಡು-ಪಟ್ಟಿ

ಕೊನೆಯ ಮಾತು ನನಗೆ ಅಂತ ಗೊತ್ತು. ನಾನು ಮಿಲಿಮೀಟರಿನಲ್ಲೇ ಮಾಡಿದ್ದು. ಎಲ್ಲ ಅಳತೆಯನ್ನೂ 25ರಿಂದ ಗುಣಿಸಿದೆ, 25.4ರಿಂದ ಅಲ್ಲ. ಎಂಜಿನ್ ಇಡಿಯಾಗಿ ಸ್ವಲ್ಪ ಸಣ್ಣದಾಯಿತು, ಲೆಕ್ಕ ಎಲ್ಲೂ ತಪ್ಪಲಿಲ್ಲ. ಮಿಲಿಮೀಟರಿನ ತಪ್ಪಲ್ಲ ಅದು.

ನಿವೃತ್ತ ಫಿಟ್ಟರ್

ನೀವೆಲ್ಲ ವಾಟ್ ವಾಟ್ ಅನ್ನುತ್ತೀರಿ, ಮಾಡುವುದು ಮಾತ್ರ ಕ್ರ್ಯಾಂಕ್. ವಾಟ್ ಎಂಜಿನ್ ಅಂದರೆ ಸನ್ ಅಂಡ್ ಪ್ಲಾನೆಟ್ ಗೇರ್ (ಒಂದರ ಸುತ್ತ ಇನ್ನೊಂದು ಸುತ್ತುವ ಎರಡು ಗೇರ್) ಇರಬೇಕು. 1780ರಲ್ಲಿ ಪಿಕಾರ್ಡ್ ಅನ್ನುವವನು ಕ್ರ್ಯಾಂಕಿಗೆ ಪೇಟೆಂಟ್ ತಗೊಂಡುಬಿಟ್ಟ. ಅದಕ್ಕೆ 1781ರಲ್ಲಿ ವಾಟ್ ಈ ಗೇರ್ ದಾರಿ ಹಿಡಿದ. ಸಿಡ್ನಿಯ ಮ್ಯೂಸಿಯಮ್ಮಿನಲ್ಲಿರುವ 1785ರ ವಿಟ್‌ಬ್ರೆಡ್ (ಬಿಯರ್ ಕಾರ್ಖಾನೆ) ಎಂಜಿನ್ ನೋಡಿ, ಅದರಲ್ಲಿ ಇದೇ ಇದೆ. ಎರಡು ಗೇರೂ ಒಂದೇ ಅಳತೆ ಇದ್ದರೆ ಬೀಮ್ ಒಮ್ಮೆ ಮೇಲೆ ಕೆಳಗೆ ಆಗುವಷ್ಟರಲ್ಲಿ ಫ್ಲೈವೀಲ್ ಎರಡು ಸುತ್ತು ಹಾಕುತ್ತದೆ. ನಿಧಾನ ಎಂಜಿನ್ನಿಗೆ ಅದು ದೊಡ್ಡ ಲಾಭ. ನಾನು 30 ಹಲ್ಲಿನ ಗೇರ್ ಎರಡನ್ನು ಒಂದೇ ಹಲ್ಲಿನ ಕಟರಿನಲ್ಲಿ, ಚೇಂಜ್ ವೀಲನ್ನೇ ಡಿವೈಡಿಂಗ್ ಪ್ಲೇಟ್ ಮಾಡಿಕೊಂಡು ಕಡಿದೆ. 22ನೇ ಹಲ್ಲಿನಲ್ಲಿ ಎಣಿಕೆ ತಪ್ಪಿ ಒಂದು ಬ್ಲ್ಯಾಂಕ್ ಹೋಯಿತು. ಇನ್ನೊಂದು ಮಾಡಿದೆ.

ಎರಡನೇ ಬೀಮ್

ಅಣ್ಣಾ, ಆ ಪೇಟೆಂಟ್ 1794ಕ್ಕೆ ಮುಗಿಯಿತು. ಆಮೇಲೆ ವಾಟ್‌ನ ಕಾರ್ಖಾನೆಯೂ ಕ್ರ್ಯಾಂಕ್ ಹಾಕಿತು. ಕ್ರ್ಯಾಂಕ್ ಇದ್ದರೆ ಅದು ಸುಳ್ಳು ಎಂಜಿನ್ ಅಂತ ಹೇಳುವುದು ಸರಿಯಲ್ಲ.

ನಿವೃತ್ತ ಫಿಟ್ಟರ್

ಸುಳ್ಳು ಅಂದಿಲ್ಲ. ಸುಲಭ ಅಂದೆ. ಎರಡೂ ಬೇರೆ.

ಕುದಿನೀರು

ಇಲ್ಲಿ ಎಷ್ಟು ಜನ ಸ್ಟೀಮಿನಲ್ಲಿ ಓಡಿಸಿದ್ದೀರಿ? ಕಂಪ್ರೆಸರ್ ಗಾಳಿಯಲ್ಲಿ ಓಡಿದ್ದನ್ನು ಸ್ಟೀಮ್ ಎಂಜಿನ್ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನದು ಗಾಳಿಯಲ್ಲಿ ಹೂವಿನ ಹಾಗೆ ಓಡಿತು. ಸ್ಟೀಮ್ ಕೊಟ್ಟ ದಿನ ಅರ್ಧ ಸುತ್ತಿಗೇ ದಢ್ ಅಂತ ನಿಂತಿತು. ತಣ್ಣನೆ ಸಿಲಿಂಡರಿನಲ್ಲಿ ಸ್ಟೀಮ್ ನೀರಾಗಿ ಕೆಳಗೆ ನಿಂತಿತ್ತು, ಪಿಸ್ಟನ್ ಅದರ ಮೇಲೆ ಕೂತಿತು. ನೀರನ್ನು ಅಮುಕುವುದಕ್ಕಾಗುತ್ತದಾ? ಕೆಳಗಿನ ಕವರಿನ ಎರಡು ಸ್ಕ್ರೂ ಎಳೆ ಕಿತ್ತುಕೊಂಡು ಬಂದವು, ಕ್ರ್ಯಾಂಕ್‌ಪಿನ್ ಬಾಗಿತು. ಅದನ್ನು ಸರಿ ಮಾಡಲು 19 ಗಂಟೆ. ಈಗ ಮೇಲೆ ಕೆಳಗೆ ಎರಡೂ ಕಡೆ ಡ್ರೇನ್ ಕಾಕ್ ಇದೆ. ತೆರೆದಿಟ್ಟು, ಕೈಯಲ್ಲಿ ತಿರುಗಿಸುತ್ತಾ ಬಿಸಿ ಮಾಡುತ್ತೇನೆ. ನೀರು ಉಗುಳುವುದು ನಿಂತು ಒಣ ಸ್ಟೀಮ್ ಬಂದ ಮೇಲೆ ಮುಚ್ಚುತ್ತೇನೆ. ಬೀಡಿನ ಸಿಲಿಂಡರ್ ಆದರೆ ಓಡಿಸಿ ಮುಗಿಸಿದ ಅದೇ ಸಂಜೆ ಎಣ್ಣೆ ಬಿಡಬೇಕು. ನಾನು ಒಮ್ಮೆ ನಾಲ್ಕು ದಿನ ಮರೆತೆ, ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು.

ಬೀಡು ಕಬ್ಬಿಣ

ನಾನು ಗಾಳಿಯಲ್ಲೇ ಓಡಿಸುವುದು. ಅದರಲ್ಲಿ ನಾಚಿಕೆ ಏನಿದೆ? ಮನೆಯಲ್ಲಿ ಮಕ್ಕಳಿದ್ದಾರೆ. ಬಾಯ್ಲರ್ ಒಡೆದರೆ ಯಾರು ಹೊಣೆ?

ಕುದಿನೀರು

ಸರಿಯಾಗಿ ಮಾಡಿ ಪರೀಕ್ಷೆ ಮಾಡಿದ ಬಾಯ್ಲರಿಗೆ ಸುಮ್ನೆ ಹೆದರಿಸಬೇಡಿ. ತಾಮ್ರದ ಬಾಯ್ಲರ್, ಎಲ್ಲ ಕೂಡುಗಳೂ ಸಿಲ್ವರ್ ಸೋಲ್ಡರ್. ಮೆದು ಸೋಲ್ಡರನ್ನು ಹತ್ತಿರವೂ ತಂದಿಲ್ಲ. ಓಡಿಸುವ ಒತ್ತಡ 2 ಬಾರ್, ಪರೀಕ್ಷೆ 4 ಬಾರ್. ಅದೂ ತಣ್ಣೀರು ತುಂಬಿ, ಒಳಗಿನ ಗಾಳಿಯೆಲ್ಲ ತೆಗೆದು, ಕೈ ಪಂಪಿನಲ್ಲಿ. ನೀರಿನಲ್ಲಿ ಸೋರಿದರೆ ಒಂದು ಹನಿ ಬರುತ್ತದೆ, ಅಷ್ಟೇ. ಗಾಳಿ ತುಂಬಿ ಪರೀಕ್ಷೆ ಮಾಡುವವರನ್ನು ಕಂಡರೆ ಮಾತ್ರ ನನಗೂ ಭಯ. ಸೇಫ್ಟಿ ವಾಲ್ವ್ ಇಲ್ಲದೆ ನಾನು ಒಂದು ದಿನವೂ ಬೆಂಕಿ ಹಾಕಿಲ್ಲ.

ಹೊಸ ಲೇತ್

ಎಲ್ಲರಿಗೂ ಧನ್ಯವಾದ. 98.4ರ ಲೆಕ್ಕ ಬರೆದಿಟ್ಟುಕೊಂಡೆ. ಆದರೆ 7 ಇಂಚಿನ ಫ್ಲೈವೀಲ್ ನನ್ನ ಲೇತಿನಲ್ಲಿ ತಿರುಗುತ್ತದಾ ಅಂತ ಯಾರಾದರೂ ಹೇಳಿ.

ರಾಡು-ಪಟ್ಟಿ

ತಿರುಗುವುದಿಲ್ಲ. ಸೆಂಟರ್ ಎತ್ತರ 90 ಅಂದರೆ ಬೆಡ್ ಮೇಲೆ 180 ಮಿಮೀ ಮಾತ್ರ ಜಾಗ. 7 ಇಂಚು ಅಂದರೆ 177.8. ಹಸಿ ಎರಕಕ್ಕೆ ಸುತ್ತಲೂ 2.5 ಜಾಸ್ತಿ ಇದ್ದರೂ 183 ಆಯಿತು, ಬೆಡ್ಡಿಗೆ ತಾಗುತ್ತದೆ. ಗ್ಯಾಪ್ ಬೆಡ್ ಲೇತ್ (ಚಕ್ ಕೆಳಗೆ ಬೆಡ್ಡಿನಲ್ಲಿ ತಗ್ಗು ಇರುವುದು) ಇರುವವರ ಹತ್ತಿರ ಅದೊಂದನ್ನು ಮಾಡಿಸಿಕೊಳ್ಳಿ. ಇಲ್ಲ, 150ಕ್ಕೆ ಇಳಿಸಿ.

ಬೀಡು ಕಬ್ಬಿಣ

150ಕ್ಕೆ ಇಳಿಸಬೇಡಿ. ಅದೇ ಅಡ್ಡಕೊಯ್ತದ ರಿಮ್ ಇಟ್ಟು ವ್ಯಾಸ ಮಾತ್ರ ಕಡಿಮೆ ಮಾಡಿದರೆ ತೂಕವೂ ಹೋಗುತ್ತದೆ, ತೋಳೂ ಹೋಗುತ್ತದೆ. ನಿಧಾನವಾಗಿ ಓಡಿಸುವಾಗ ಡೆಡ್ ಸೆಂಟರಿನಲ್ಲಿ (ಪಿಸ್ಟನ್ ತುದಿ ಮುಟ್ಟಿದ ಜಾಗದಲ್ಲಿ) ನಿಂತುಬಿಡುತ್ತದೆ. ಇಳಿಸಲೇಬೇಕಾದರೆ ರಿಮ್ ದಪ್ಪ ಮಾಡಿ. ನನ್ನ ಹತ್ತಿರ ಗ್ಯಾಪ್ ಬೆಡ್ ಇದೆ. ಎರಕ ತಗೊಂಡರೆ ಹೇಳಿ, ಟರ್ನ್ ಮಾಡಿಕೊಡುತ್ತೇನೆ.