ಹಳೇ ಮಾರುತಿ 800ಕ್ಕೆ ಬಾನೆಟ್ ಕೆಳಗ ಬೆಂಕಿ ಹತ್ಯದ: ರಿಪೇರಿ ಮಾಡಸ್ಬೇಕಾ, ಗುಜರಿಗೆ ಹಾಕ್ಬೇಕಾ?

ಕಲಬುರಗಿ_800
ನಮಸ್ಕಾರ್ರಿ. 1998ರ ಕಾರ್ಬ್ಯುರೇಟರ್ ಗಾಡಿ, ಪೆಟ್ರೋಲ್, ಗ್ಯಾಸ್ ಕಿಟ್ ಇಲ್ಲ. ಜೇವರ್ಗಿ ರೋಡಿನಾಗ ಬೆಂಕಿ ಹತ್ತಿತು, 1 ಕೆಜಿ ಪುಡಿ ಸಿಲಿಂಡರ್ ಹೊಡೆದು ಆರಿಸ್ಯಾರ. ಕಾರ್ಬ್ಯುರೇಟರ್ ಬಾಜೂ ಕರ್ರಗ ಆಗ್ಯದ, ಕೂಲಂಟ್ ಡಬ್ಬಿ ಕರಗಿ ಜೋತುಬಿದ್ದದ, ಬಾನೆಟ್ ಬಣ್ಣ ಗುಳ್ಳಿ ಎದ್ದದ. ಡ್ಯಾಶ್‌ಬೋರ್ಡ್ ಕಡೆ ಏನೂ ಆಗಿಲ್ಲ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ. ಗ್ಯಾರೇಜಿನವರು "ನಾಕ್ ವೈರ್ ಜೋಡಿಸಿ ಒಂದ್ಸಲ ಸ್ಟಾರ್ಟ್ ಹೊಡ್ದು ನೋಡೋಣು" ಅಂತಾರ. ಹೊಡೀಬಹುದಾ? ಯಾವುದು ಕೆಟ್ಟಿದ್ರ ಗಾಡಿ ಆಸೆ ಬಿಡಬೇಕು?

ಹುಮನಾಬಾದ್ ಪಾನಾ
ಸೆಲ್ಫ್ ಹೊಡೀಲೇಬ್ಯಾಡ್ರಿ. ನಿಮ್ಮ ಗಾಡಿಗೆ ಪೆಟ್ರೋಲ್ ಪಂಪ್ ಕರೆಂಟಿನದಲ್ಲ, ಎಂಜಿನ್ನಿನ ಕ್ಯಾಮ್‌ಶಾಫ್ಟ್ ಒತ್ತಿದಂಗೆಲ್ಲ ಪೆಟ್ರೋಲ್ ಎತ್ತತದ. ಸುಟ್ಟ ಪೈಪಿನಿಂದ ಅದು ನೆಟ್ಟಗ ಹೊರಗ ಚಿಮ್ಮತದ, ಸುಟ್ಟ ವೈರ್ ಬಾಜೂಕೇ ಕಿಡಿ ಕಾಯ್ತಿರ್ತದ. ಟೈಮಿಂಗ್ ಬೆಲ್ಟ್ ಬಿಸಿ ತಿಂದಿದ್ರ ಅದೂ ಹರೀತದ.

ಮೊದಲು 10 ನಂಬರ್ ಪಾನಾ ತಗೊಂಡು ಬ್ಯಾಟರಿ ನೆಗೆಟಿವ್ ಬಿಚ್ಚ್ರಿ. ಆಮೇಲೆ ಪುಡಿ. ಬೆಂಕಿ ಆರಿಸೋ ಆ ಎಬಿಸಿ ಪುಡಿ ಒಣಗಿದ್ದಾಗ ಸುಮ್ನಿರ್ತದ, ತೇವ ಹೀರ್ಕೊಂಡ್ರ ಅಲ್ಯುಮಿನಿಯಂ ತಿಂತದ. ಅದಕ್ಕ ನೀರು ಹೊಡೆಯೋಕಿಂತ ಮೊದಲು ಕಂಪ್ರೆಸರ್ ಗಾಳಿಲೆ ಒಣಾದೇ ಊದಿ ತೆಗೀರಿ. ಮೊದಲೇ ನೀರು ಬಿಟ್ರ ಲೇಹ್ಯದಂಗಾಗಿ ಸಂದಿನಾಗ ಕುಂತುಬಿಡ್ತದ. ಮೂಗಿಗೆ ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಇರಲಿ. ಊದೋ ಮುಂಚೆ ಕಾರ್ಬ್ಯುರೇಟರ್ ಬಾಯಿಗೆ ಅರಿವೆ ತುರುಕ್ರಿ. ಬಾಯೊಳಗ ಮೊದಲೇ ಬಿಳಿ ಪುಡಿ ಕಂಡ್ರ ಕಾರ್ಬ್ಯುರೇಟರ್, ಇನ್‌ಟೇಕ್ ಮ್ಯಾನಿಫೋಲ್ಡ್ (ಅಲ್ಲಿಂದ ಎಂಜಿನ್ನಿಗೆ ಹೋಗೋ ನಳಿಗೆ) ಎರಡೂ ಇಳಿಸಿಯೇ ತೊಳೀಬೇಕು.

ಇನ್ನ ಆಸೆ ಬಿಡೋ ಮಾತು. ಏನು ಕರಗ್ಯದ ಅನ್ನೋದೇ ನಿಮ್ಮ ಥರ್ಮಾಮೀಟರ್. ಕೂಲಂಟ್ ಡಬ್ಬಿ ಪ್ಲಾಸ್ಟಿಕ್ 160 ಡಿಗ್ರಿ ಸುತ್ತಮುತ್ತನೇ ಕರಗ್ತದ, ಅದಕ್ಕ ಹೆದರಬ್ಯಾಡ್ರಿ. ಅಲ್ಯುಮಿನಿಯಂ ಕರಗೋದು 660ಕ್ಕ. ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಅಂಚು, ಹೆಡ್ಡಿನ (ಎಂಜಿನ್ನಿನ ಮ್ಯಾಲಿನ ಅಲ್ಯುಮಿನಿಯಂ ಭಾಗ) ಮೂಲೆ ನೋಡ್ರಿ. ಎರಕದ ಗೆರೆ ಚೂಪಾಗಿದ್ರ ಉಳಿದದ, ಮೇಣದಂಗ ದುಂಡಗಾಗಿದ್ರ ಹೆಡ್ ಹೋಯ್ತು ಅಂತ ತಿಳ್ಕೋರಿ. ಕರಗದಿದ್ರೂ ಹೆಡ್ ಸೊಟ್ಟ ಆಗಿರಬಹುದು. ಸಂಶಯ ಇದ್ರ ಹೆಡ್ ಇಳಿಸಿ, ನೆಟ್ಟನ ಪಟ್ಟಿ ಇಟ್ಟು ಕೆಳಗ ಫೀಲರ್ ಗೇಜ್ (ಸಂದು ಅಳೆಯೋ ತೆಳು ಉಕ್ಕಿನ ಎಲಿ) ಹಾಕ್ರಿ. ಗೇಜಿನ 0.05 ಮಿ.ಮೀ. ಎಲಿ ಎಲ್ಲೂ ಸಡಿಲಾಗಿ ತೂರಬಾರದು.

ಹೆಡ್ಡೂ ಹೋಗಿ, ಡ್ಯಾಶ್‌ಬೋರ್ಡ್ ಒಳಗಿನ ವೈರಿಂಗೂ ಸುಟ್ಟಿದ್ರ ಗುಜರಿನೇ ಸೈ. ನೀವು ಹೇಳಿದ್ದು ನೋಡಿದ್ರ ಅಷ್ಟು ದೂರ ಹೋಗಿಲ್ಲ ಅನಸ್ತದ.

ಸೇಡಂ ವೈರಿಂಗ್ ಕಾಕಾ
ತಮ್ಮಾ, ಸುಟ್ಟ ವೈರಿಗೆ ಟೇಪ್ ಸುತ್ತೋದಕ್ಕ ಒಪ್ಪಬ್ಯಾಡ. ಸುಟ್ಟ ಜಾಗದಿಂದ ಆಚೆ ಒಂದು ಗೇಣು ಇನ್ಸುಲೇಷನ್ ಬಿಚ್ಚಿ ನೋಡು. ತಾಮ್ರ ಕೆಂಪಗ ಮಿಂಚಿದ್ರ ಅಲ್ಲಿಂದ ಹೊಸ ವೈರ್ ಜೋಡಿಸಬಹುದು. ಕರ್ರಗಿದ್ರ ಇನ್ನೂ ಹಿಂದಕ್ಕ ಹೋಗು. ಕರ್ರನ ತಾಮ್ರಕ್ಕ ಸೋಲ್ಡರ್ ಹಿಡಿಯಂಗಿಲ್ಲ. ಬಿಗಿದು ಕಟ್ಟಿದ್ರೂ ಆ ಜಾಯಿಂಟ್ ಬಿಸಿ ಆಗಿ ಮತ್ತ ಅಲ್ಲೇ ಹೊಗೆ ಬರ್ತದ. ಮೂರು ನಾಕು ವೈರಿಗಿಂತ ಜಾಸ್ತಿ ಹೋಗಿದ್ರ ಎಂಜಿನ್ ಕಡೆ ಪೂರಾ ಹಾರ್ನೆಸ್ (ವೈರಿನ ಕಟ್ಟು) ಬದಲಿಸೋದೇ ಛಲೋ. ಇಲ್ಲಿ ಸಿಗದಿದ್ರ ಸೊಲ್ಲಾಪುರ, ಹೈದರಾಬಾದ್ ಗುಜರಿನಾಗ ಹುಡುಕು, ಕನೆಕ್ಟರ್ ಹಸಿರುಗಟ್ಟಿರಬಾರದು ಅಷ್ಟೇ.

ವೈರಿನ ಪ್ಲಾಸ್ಟಿಕ್ ಸುಟ್ಟ ಹೊಗೆನಾಗ ಆಮ್ಲ ಇರ್ತದ, ಅದು ಕುಂತಲ್ಲೆಲ್ಲ ತುಕ್ಕು. 1 ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಬ್ರಷ್‌ಲೆ ಒರೆಸು, ಆಮೇಲೆ ಸಾದಾ ನೀರು. ಇದು ಪುಡಿ ಪೂರಾ ಊದಿ ತೆಗೆದ ಮ್ಯಾಲ ಮಾಡೋ ಕೆಲಸ.

ಒಂದು ಕೇಳ್ತೀನಿ: ಫ್ಯೂಸ್ ಡಬ್ಬಿ ತೆರೆದು ನೋಡಿದಿ?

ಕಲಬುರಗಿ_800
ಈಗ ನೋಡಿದೆ ಕಾಕಾ. ಒಂದು ಫ್ಯೂಸ್ ಜಾಗಕ್ಕ ತಾಮ್ರದ ಎಳಿ ಸುತ್ಯಾರ. ಕಾರ್ಬ್ಯುರೇಟರ್ ಅಂಚು ಚೂಪಾಗೇ ಅವ. ಪಂಪಿನಿಂದ ಬರೋ ಪೈಪ್ ಕ್ಲಿಪ್ ಹತ್ರ ಸೀಳ್ಯದ, ಬಗ್ಗಿಸಿದ್ರ ಬಿಸ್ಕಿಟ್‌ನಂಗ ಮುರೀತದ.

ಸೇಡಂ ವೈರಿಂಗ್ ಕಾಕಾ
ಹಂಗಾದ್ರ ಎರಡೂ ಸಿಕ್ಕಂಗಾಯ್ತು. ಪೈಪ್ ಪೆಟ್ರೋಲ್ ಸೋರಸ್ಯದ. ಆ ಎಳಿ ಕರಗಬೇಕಾದಾಗ ಕರಗದೇ ವೈರ್ ಕಾಯಿಸ್ಯದ. ಕಿಡಿ ಯಾವ ವೈರಿನದು ಅಂತ ಹುಡುಕದೇ ಹೊಸ ಪೈಪ್ ಹಾಕಬ್ಯಾಡ. ಆ ಫ್ಯೂಸಿನಿಂದ ಹೋಗೋ ವೈರ್ ಪೂರಾ ಬೆರಳಿನಾಗ ಹಿಡಿದು ಸವರಿಕೋತ ಹೋಗು. ತೊಗರಿ ಚೀಲ ಇಡೋ ಜಾಗದಾಗ ನಿಲ್ಲಿಸೋ ಗಾಡಿ ಆದ್ರ ಇಲಿ ಹಲ್ಲಿನ ಗುರುತೂ ನೋಡು.

ಯಾದಗಿರಿ ಪೇಪರ್ಸ್
ಕಾಗದದ ಕಡೆ ಸ್ವಲ್ಪ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಗಾಡಿಗೆ ರೂಪಾಯಿಯೂ ಬರಲ್ಲ. ಫುಲ್ ಪಾಲಿಸಿ ಇರುವವರು ಸರ್ವೇಯರ್ ನೋಡುವವರೆಗೆ ಒಂದು ನಟ್ಟೂ ಬಿಚ್ಚಬೇಡಿ. 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ 50%, ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೂ 50% ಸವಕಳಿ ಕಡಿತ ಇರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿದೇ ಕ್ಲೇಮ್ ಹಾಕಿ.

1998ರ ಆರ್‌ಸಿ 15 ವರ್ಷಕ್ಕೆ 2013ರಲ್ಲಿ ಮುಗಿದಿರುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ. 2023ರಲ್ಲಿ ನವೀಕರಿಸಿದ್ದರೆ 2028ರವರೆಗೆ ಇದೆ. ಆಗಿಲ್ಲದಿದ್ದರೆ ರಿಪೇರಿಗೆ ದುಡ್ಡು ಹಾಕುವ ಮೊದಲು ಆ ಖರ್ಚನ್ನೂ ಕೂಡಿಸಿ. ಗುಜರಿಗೆ ಹಾಕುವುದಾದರೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದಲ್ಲಿ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ಆರ್‌ಸಿ ನಿಮ್ಮ ಹೆಸರಲ್ಲೇ ಬಿಟ್ಟು ಗಾಡಿ ಕೊಟ್ಟುಬಿಟ್ಟರೆ, ನಾಳೆ ಆ ನಂಬರ್ ಪ್ಲೇಟ್ ಎಲ್ಲಿ ಓಡಿದರೂ ನಿಮ್ಮನ್ನೇ ಹುಡುಕಿಕೊಂಡು ಬರ್ತಾರೆ.

ಹುಮನಾಬಾದ್ ಪಾನಾ
ಅಂಚು ಚೂಪಾಗಿದ್ರ ರಿಪೇರಿ ಮಾಡ್ರಿ. ಆ ಸೀಳಿದ ಪೈಪಿನ ಜೊತಿಗೆ ಪಂಪಿಗೆ ಬರೋದು, ವಾಪಸ್ ಹೋಗೋದು, ಆವಿ ಪೈಪ್, ಎಲ್ಲಾ ಬದಲಿಸ್ರಿ. ಸಾದಾ ರಬ್ಬರ್ ಬ್ಯಾಡ. ಈಗ ಪೆಟ್ರೋಲಿನಾಗ 20% ಎಥನಾಲ್ ಅದ, ಹಳೇ ರಬ್ಬರ್ ಅದಕ್ಕ ತಾಳಂಗಿಲ್ಲ. ಪೈಪಿನ ಮ್ಯಾಲ ಎಸ್‌ಎಇ ಜೆ30 ಆರ್9 ಅಂತ ಬರೆದದ್ದೇ ತಗೋರಿ. ಹಳೇ ಕ್ಲಿಪ್ ಬಿಸಿಗೆ ಬಿಗಿ ಕಳ್ಕೊಂಡಿರ್ತಾವ, ಅವನ್ನೂ ಒಗೀರಿ. ಕಾರ್ಬ್ಯುರೇಟರ್ ಕಿಟ್, ಟೈಮಿಂಗ್ ಬೆಲ್ಟ್, ಆಯಿಲ್ ಸುಮಾರು 3 ಲೀಟರ್, ಫಿಲ್ಟರ್ ಹೊಸಾವು.

ಭಾಳ ಮಂದಿ ಮರಿಯೋದು ಬ್ರೇಕ್. ಮಾಸ್ಟರ್ ಸಿಲಿಂಡರಿನ ರಬ್ಬರ್ ಕಿಟ್, ಮ್ಯಾಲಿನ ಡಬ್ಬಿ, ಬ್ರೇಕ್ ಆಯಿಲ್ ಬದಲಿಸ್ರಿ. ಬಾನೆಟ್ ಲಾಕಿನ ಸ್ಪ್ರಿಂಗೂ ಬಿಸಿಗೆ ಮೆತ್ತಗಾಗಿರ್ತದ. ರೋಡಿನಾಗ ಬಾನೆಟ್ ಎದ್ದು ಗ್ಲಾಸಿಗೆ ಬಡಿದ್ರ ಮುಂದಿಂದು ಕಾಣಂಗಿಲ್ಲ.

ಮೊದಲ ಸ್ಟಾರ್ಟಿಗೆ ಮುಂಚೆ ಎಂಜಿನ್ನಿನ ಮೂರೂ ಸಿಲಿಂಡರ್ ಕಂಪ್ರೆಷನ್ (ಒಳಗಿನ ಒತ್ತಡ) ಗೇಜ್ ಹಾಕಿ ನೋಡ್ರಿ, ಒಂದಕ್ಕೊಂದು ಚದರ ಸೆಂ.ಮೀ.ಗೆ 1 ಕೆಜಿಗಿಂತ ಹೆಚ್ಚು ಫರಕ್ ಬೀಳಬಾರದು. ಆಮೇಲೆ ಬಾಜೂಕ ಹೊಸ ಪುಡಿ ಸಿಲಿಂಡರ್ ಇಟ್ಕೊಂಡು, ಶಹಾಬಾದ್ ಫರಸಿ ಮ್ಯಾಲ ಬಿಳಿ ರಟ್ಟು ಹಾಸಿ 20 ನಿಮಿಷ ಐಡಲ್ ಬಿಡ್ರಿ. ಆಯಿಲ್, ಕೂಲಂಟ್ ಸೋರಿದ್ರ ರಟ್ಟಿನ ಮ್ಯಾಲ ಕಾಣತದ. ಪೆಟ್ರೋಲಿಗೆ ಬಂದ್ ಮಾಡಿ, ಒಂದೊಂದು ಕ್ಲಿಪ್ ಸುತ್ತಲೂ ಒಣ ಟಿಶ್ಯೂ ಒತ್ತಿ ನೋಡ್ರಿ. ಎಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಹನಿ ನೆಲಕ್ಕ ಬೀಳೋದರಾಗೇ ಆರಿಹೋಗ್ತದ, ರಟ್ಟಿನ ಮ್ಯಾಲ ಕಾಣಂಗಿಲ್ಲ. ಟಿಶ್ಯೂಗೆ ಹತ್ತತದ.