ದಿಗ್ಬಂಧನವೋ, ಕ್ವಾರಂಟೈನೋ: ಕ್ಯೂಬಾದ 1962ರ ಧ್ವನಿಮುದ್ರಿಕೆಗಳಿಗೆ ಕನ್ನಡ ಪದ ಯಾವುದು?

ಮಾನ್ಯರೆ, ನಮಸ್ಕಾರ.

1962ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರು ಕ್ಯೂಬಾದಲ್ಲಿ ಕಂಡುಬಂದ ಸೋವಿಯತ್ ಕ್ಷಿಪಣಿಗಳ ಬಗ್ಗೆ ತಮ್ಮ ಸಲಹೆಗಾರರೊಂದಿಗೆ ನಡೆಸಿದ ಸಭೆಗಳನ್ನು, ಸಭೆಯಲ್ಲಿದ್ದ ಬಹುತೇಕರಿಗೆ ತಿಳಿಯದಂತೆ, ಶ್ವೇತಭವನದಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಬೋಸ್ಟನ್ನಿನ ಕೆನೆಡಿ ಗ್ರಂಥಾಲಯದಲ್ಲಿರುವ ಆ ಮುದ್ರಿಕೆಗಳು ಇಂದು ಸಾರ್ವಜನಿಕರಿಗೆ ಕೇಳಲು ಸಿಗುತ್ತವೆ. ಪದವಿ ತರಗತಿಯ ಇತಿಹಾಸ ವಿದ್ಯಾರ್ಥಿಗಳಿಗಾಗಿ ಅವುಗಳ ಕೆಲವು ಭಾಗಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಮುಂದೆ ಕೆಲವು ವಾರಗಳಿಂದ ಕೆಲಸ ನಿಂತಿದೆ. ಆದ್ದರಿಂದ ಬಳಗದ ಮುಂದಿಡುತ್ತಿದ್ದೇನೆ.

ಅಕ್ಟೋಬರ್ 18ರ ರಾತ್ರಿಯ ಸಭೆ ಧ್ವನಿಮುದ್ರಣದ ವ್ಯವಸ್ಥೆಯಿಲ್ಲದ ನಿವಾಸದ ಭಾಗದಲ್ಲಿ ನಡೆಯಿತು. ಆಮೇಲೆ ಮಧ್ಯರಾತ್ರಿಯ ಹೊತ್ತಿಗೆ ಕೆನೆಡಿಯವರು ಕಚೇರಿಗೆ ಬಂದು, ಒಬ್ಬರೇ ಕುಳಿತು, ಯಾರು ಏನೆಂದರೆಂಬುದನ್ನು ಯಂತ್ರಕ್ಕೆ ಹೇಳಿ ದಾಖಲಿಸಿದರು. ಕ್ಯೂಬಾಕ್ಕೆ ಹೋಗುವ ಹಡಗುಗಳನ್ನು ನೌಕಾಪಡೆಯಿಂದ ತಡೆಯುವ ಕ್ರಮಕ್ಕೆ ಆ ದಣಿದ ದನಿಯಲ್ಲಿ ಕೇಳಿಬರುವ ಪದ 'ಬ್ಲಾಕೇಡ್'. ನಾಲ್ಕು ದಿನಗಳ ಬಳಿಕ, 22ರ ಸಂಜೆ, ಅವರು ದೇಶವನ್ನು ಉದ್ದೇಶಿಸಿ ಮಾತನಾಡಿದಾಗ ಅದೇ ಕ್ರಮಕ್ಕೆ 'ಕ್ವಾರಂಟೈನ್' ಎಂಬ ಹೆಸರು ಬಂದಿತ್ತು. ಬ್ಲಾಕೇಡ್ ಎಂದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಯುದ್ಧದ ಕೃತ್ಯ. ಯುದ್ಧ ಸಾರದೆಯೇ ಹಡಗುಗಳನ್ನು ತಡೆಯಬೇಕೆಂದಿದ್ದವರಿಗೆ ಬೇರೆ ಹೆಸರು ಬೇಕಿತ್ತು. ಅದೇ ಭಾಷಣದಲ್ಲಿ ಅವರು, 1948ರಲ್ಲಿ ಸೋವಿಯತ್ತರು ಬರ್ಲಿನ್ನಿಗೆ ಮಾಡಿದಂತೆ ತಾವು ಜೀವನಾವಶ್ಯಕ ವಸ್ತುಗಳನ್ನು ತಡೆಯುತ್ತಿಲ್ಲ ಎನ್ನುವಾಗ, ಬರ್ಲಿನ್ನಿನದಕ್ಕೆ ಮಾತ್ರ 'ಬ್ಲಾಕೇಡ್' ಎಂಬ ಹೆಸರನ್ನು ಉಳಿಸಿದರು. ಎರಡಕ್ಕೂ ನಾನು 'ದಿಗ್ಬಂಧನ' ಎಂದೇ ಬರೆದರೆ ಆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಆಚರಣೆಯಲ್ಲಿಯೂ ಕ್ವಾರಂಟೈನ್ ಎಲ್ಲವನ್ನೂ ಕಟ್ಟಿಹಾಕಲಿಲ್ಲ. 24ರಂದು ಜಾರಿಗೆ ಬಂದ ಅದರ ಗುರಿ ಆಕ್ರಮಣಕಾರಿ ಶಸ್ತ್ರಾಸ್ತ್ರಗಳಷ್ಟೇ. ಬುಖಾರೆಸ್ಟ್ ಎಂಬ ಸೋವಿಯತ್ ತೈಲ ಹಡಗನ್ನು 25ರಂದು ಮುಂದೆ ಹೋಗಲು ಬಿಟ್ಟರು. ಮರುಕ್ಲಾ ಎಂಬ ಸರಕು ಹಡಗನ್ನು 26ರಂದು ಹತ್ತಿ, ತಪಾಸಣೆ ಮಾಡಿ, ಬಿಟ್ಟುಕೊಟ್ಟರು.

'ದಿಗ್ಬಂಧನ' ಎಂಬ ಪದವನ್ನೇ ಸ್ವಲ್ಪ ನೋಡೋಣ. ವಿಷ್ಣುಸಹಸ್ರನಾಮ ಹೇಳುವವರಿಗೆ 'ಭೂರ್ಭುವಸ್ಸುವರೋಮಿತಿ ದಿಗ್ಬಂಧಃ' ಎಂಬ ಮಾತು ಬಾಯಿಗೆ ಬಂದಿರುತ್ತದೆ. ಅಲ್ಲಿ ದಿಕ್ಕುಗಳನ್ನು ಕಟ್ಟುವುದು ಒಳಗೆ ಕುಳಿತವನ ರಕ್ಷಣೆಗಾಗಿ. ಪತ್ರಿಕೆಗಳ ಕನ್ನಡದಲ್ಲಿ ಆ ಪದ ತಿರುಗಿ, ಒಳಗಿರುವವನಿಗೆ ಕೊಡುವ ಶಿಕ್ಷೆಯಾಯಿತು. ಎರಡು ಅರ್ಥಗಳಲ್ಲಿಯೂ ಒಂದು ಅಂಶ ಉಳಿದಿದೆ: ಕಟ್ಟು ಬೀಳುವುದು ಎಲ್ಲ ದಿಕ್ಕುಗಳಿಗೆ, ಏನೂ ನುಸುಳದಂತೆ. ಹೀಗಾಗಿ ಬ್ಲಾಕೇಡ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ, ಆಯ್ದು ತಡೆಯುವ ಕ್ರಮಕ್ಕೆ ಒಪ್ಪುವುದಿಲ್ಲ ಎಂಬುದು ನನ್ನ ಅನಿಸಿಕೆ.

ಹಾಗಾದರೆ ಕ್ವಾರಂಟೈನ್‌ಗೆ ಏನೆನ್ನುವುದು? ಮೊದಲು ನಾನು 'ತಪಾಸಣಾ ತಡೆ' ಎಂದು ಬರೆದೆ. ನಡೆದ ಕೆಲಸವನ್ನು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಕೆನೆಡಿಯವರು ಆರಿಸಿದ ಪದದಲ್ಲಿ ರೋಗದ ನೆನಪು ಇತ್ತು. ವೆನಿಸ್ಸಿನ ಬಂದರಿಗೆ ಬಂದ ಹಡಗುಗಳನ್ನು ಸೋಂಕಿನ ಭಯದಿಂದ ನಲವತ್ತು ದಿನ ದೂರವಿರಿಸುತ್ತಿದ್ದ ಕಾಲದ ಪದ ಅದು. 1937ರ ಅಕ್ಟೋಬರ್ 5ರಂದು ಶಿಕಾಗೋದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು, ಅಂಟುರೋಗಿಯನ್ನು ಸಮುದಾಯ ಬೇರ್ಪಡಿಸುವಂತೆ ಯುದ್ಧಕೋರ ರಾಷ್ಟ್ರಗಳನ್ನೂ ಬೇರ್ಪಡಿಸಬೇಕೆಂಬ ಅರ್ಥದಲ್ಲಿ ಅದನ್ನು ಬಳಸಿದ್ದರು. 'ತಪಾಸಣಾ ತಡೆ' ಎಂದರೆ ಈ ಛಾಯೆ ಅಳಿದುಹೋಗುತ್ತದೆ. 2020ರ ನಂತರ 'ಕ್ವಾರಂಟೈನ್' ಹಳ್ಳಿಗಳವರೆಗೂ ತಲುಪಿದ ಕನ್ನಡ ಪದವೇ ಆಗಿರುವುದರಿಂದ ಅದನ್ನು ಹಾಗೆಯೇ ಉಳಿಸುವತ್ತ ನನ್ನ ಮನಸ್ಸು ವಾಲುತ್ತಿದೆ. ಪ್ಲೇಗಿನ ಕಾಲದಲ್ಲಿ ನಮ್ಮ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಆ ವಾಸಕ್ಕೆ ಹಿರಿಯರು ಹೇಳುತ್ತಿದ್ದ ಪದ ಯಾರ ನೆನಪಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.

ಕ್ಯೂಬಾದ ದನಿಗಳಿಗೆ ಬಂದಾಗ ತೊಡಕು ಇನ್ನೊಂದು ಬಗೆಯದು. ಅಲ್ಲಿಯವರ ಸ್ಪ್ಯಾನಿಷ್ ಪದ 'ಬ್ಲೊಕೇಯೊ', ಅಂದರೆ ಬ್ಲಾಕೇಡ್. ಅಮೆರಿಕ ಅದೇ ವರ್ಷದ ಫೆಬ್ರುವರಿಯಲ್ಲಿ ಹೇರಿದ ವ್ಯಾಪಾರ ನಿಷೇಧವನ್ನು 'ಎಂಬಾರ್ಗೊ' ಎಂದು ಕರೆದರೆ, ಅಕ್ಟೋಬರ್ 28ರಂದು ಫಿಡೆಲ್ ಕ್ಯಾಸ್ಟ್ರೊ ಮುಂದಿಟ್ಟ ಐದು ಬೇಡಿಕೆಗಳಲ್ಲಿ ಮೊದಲನೆಯದು ಆರ್ಥಿಕ 'ಬ್ಲೊಕೇಯೊ' ನಿಲ್ಲಬೇಕೆಂಬುದು. ಈ ಒಡಕು ಇನ್ನೂ ಮುಚ್ಚಿಲ್ಲ. 1992ರಿಂದ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮುಂದೆ ಮತ್ತೆ ಮತ್ತೆ ಬರುತ್ತಿರುವ ನಿರ್ಣಯದ ಶೀರ್ಷಿಕೆ ಇಂಗ್ಲಿಷಿನಲ್ಲಿ 'ಎಂಬಾರ್ಗೊ' ಎನ್ನುತ್ತದೆ, ಸ್ಪ್ಯಾನಿಷಿನಲ್ಲಿ 'ಬ್ಲೊಕೇಯೊ' ಎನ್ನುತ್ತದೆ. ಒಂದೇ ನಿರ್ಣಯ, ಒಂದೇ ಮತದಾನ. ನಮ್ಮ ಪತ್ರಿಕೆಗಳು ಒಮ್ಮೆ 'ಆರ್ಥಿಕ ನಿರ್ಬಂಧ', ಇನ್ನೊಮ್ಮೆ 'ಆರ್ಥಿಕ ದಿಗ್ಬಂಧನ' ಎಂದು ಬರೆಯುವಾಗ ಯಾರ ಪಕ್ಷದ ಮಾತನ್ನು ಆಡುತ್ತಿದ್ದೇವೆಂಬುದನ್ನು ಗಮನಿಸುವುದು ಕಡಿಮೆ.

ಸದ್ಯಕ್ಕೆ ಮಾತನಾಡುವವರನ್ನು ನೋಡಿ ಪದ ಆರಿಸುತ್ತಿದ್ದೇನೆ. ಕೆನೆಡಿಯವರ 18ರ ರಾತ್ರಿಯ ದಾಖಲೆಯಲ್ಲಿ 'ದಿಗ್ಬಂಧನ', 22ರ ಭಾಷಣದಲ್ಲಿ 'ಕ್ವಾರಂಟೈನ್', ಕ್ಯಾಸ್ಟ್ರೊ ಅವರ ಬಾಯಲ್ಲಿ ಮತ್ತೆ 'ದಿಗ್ಬಂಧನ', ಎಂಬಾರ್ಗೊಗೆ 'ವ್ಯಾಪಾರ ನಿಷೇಧ'. ಕನ್ನಡ ಓದುಗರಿಗೆ ಈ ಬದಲಾವಣೆ ಅನುವಾದಕನ ಅಜಾಗರೂಕತೆಯಂತೆ ಕಂಡೀತೇ ಎಂಬುದು ನನ್ನ ಅಳುಕು.

ಕೊನೆಯದಾಗಿ ಒಂದು ಕೋರಿಕೆ. ಅದೇ ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿಯ ಮೇಲೆ ದಾಳಿ ಆರಂಭಿಸಿತ್ತು. ಆ ಸುದ್ದಿಯ ಮಗ್ಗುಲಲ್ಲೇ ಕ್ಯೂಬಾದ ಸುದ್ದಿಯೂ ಕನ್ನಡ ಪತ್ರಿಕೆಗಳಲ್ಲಿ ಬಂದಿರಬೇಕು. ಹಳೆಯ ಪತ್ರಿಕೆಗಳ ಕಡತಗಳನ್ನು ನೋಡಲು ಅನುಕೂಲವಿರುವವರು 23ರಿಂದ 29ರವರೆಗಿನ ಸಂಚಿಕೆಗಳನ್ನು ತೆರೆದು, ಅಂದಿನ ಸಂಪಾದಕರು ಕೆನೆಡಿಯವರ ಆ ಪದಕ್ಕೆ ಏನೆಂದು ಬರೆದರೆಂಬುದನ್ನು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.