ಬಿ.ಕಾಂ ಮುಗಿಸುತ್ತಿರುವ ತಂಗಿಗೆ ಸಿಎ ಸರಿಯೋ, ಸಿಎಂಎ ಸರಿಯೋ? ನಮ್ಮ ಕಡೆಯವರ ಅನುಭವ

ಕೇಳಿದವರು, ಮುಧೋಳ ತಾಲೂಕು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಜಮಖಂಡಿಯಲ್ಲಿ ಬಿ.ಕಾಂ ಕೊನೆಯ ವರ್ಷ ಓದುತ್ತಿದ್ದಾಳೆ. ಈವರೆಗಿನ ಸೆಮಿಸ್ಟರ್‌ಗಳಲ್ಲಿ 70 ಪರ್ಸೆಂಟ್ ಮೇಲೆಯೇ ಬಂದಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮನೆಯ ಕಬ್ಬಿನ ಬಿಲ್, ಸೊಸೈಟಿ ಸಾಲ, ಬಡ್ಡಿ ಲೆಕ್ಕ ಎಲ್ಲ ಅವಳೇ ನೋಡುತ್ತಾಳೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮಾಡುತ್ತೇನೆ ಅಂತ ಗಟ್ಟಿಯಾಗಿ ಕೂತಿದ್ದಾಳೆ.

ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿಎ ನಮ್ಮಂಥವರಿಗೆ ಆಗುವುದಲ್ಲ ಅನ್ನುವವರೇ ಜಾಸ್ತಿ. ಒಬ್ಬರು ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸ್) ಅಂದರು, ಇನ್ನೊಬ್ಬರು ಎಸಿಸಿಎ (ಬ್ರಿಟನ್ನಿನ ಅಕೌಂಟೆಂಟ್ ಕೋರ್ಸ್) ಮಾಡಿಸಿ, ಬೇಗ ಮುಗಿಯುತ್ತದೆ ಅಂದರು. ಬೆಂಗಳೂರಿಗೆ ಕಳಿಸಿ ಓದಿಸುವ ಶಕ್ತಿ ನಮಗಿಲ್ಲ. ಇವುಗಳಲ್ಲಿ ವ್ಯತ್ಯಾಸ ಏನು, ಹೇಗೆ ಸೇರಬೇಕು, ಇಲ್ಲೇ ಇದ್ದು ಮಾಡಬಹುದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಬೆಳಗಾವಿಯಲ್ಲಿ ಪ್ರಾಕ್ಟೀಸ್ ಮಾಡುವ ಸಿಎ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ ತಮ್ಮಾ. ನಿಮ್ಮ ತಂಗಿ ಸಿಎಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬರೆಯಬೇಕಿಲ್ಲ. ಪಿಯುಸಿ ಆದ ಮೇಲೆ ಬರುವವರಿಗೆ ಅದು. ಕಾಮರ್ಸ್ ಪದವಿಯಲ್ಲಿ 55 ಪರ್ಸೆಂಟ್ ಇದ್ದರೆ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೇಟ್‌ಗೆ ನೋಂದಣಿ ಸಿಗುತ್ತದೆ. ಬೇರೆ ಪದವಿಯವರಿಗೆ 60 ಬೇಕು. ಇದು ಗೊತ್ತಿಲ್ಲದೆ ಪದವಿ ಆದವರೂ ಫೌಂಡೇಶನ್ ಕೋಚಿಂಗ್‌ಗೆ ದುಡ್ಡು ಕಟ್ಟುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

2023ರ ಜುಲೈಯಿಂದ ಹೊಸ ಪದ್ಧತಿ ಬಂದಿದೆ. ಹಳಬರು ಹೇಳುವ ಲೆಕ್ಕ ಈಗ ಹೊಂದುವುದಿಲ್ಲ. ಇಂಟರ್‌ನಲ್ಲಿ ಮೊದಲು 8 ಪೇಪರ್ ಇದ್ದವು, ಈಗ 6, ಗ್ರೂಪಿಗೆ ಮೂರರಂತೆ. ಮೊದಲ ಗ್ರೂಪಿನಲ್ಲಿ ಅಕೌಂಟಿಂಗ್, ಕಾನೂನು, ತೆರಿಗೆ. ಎರಡನೆಯದರಲ್ಲಿ ಕಾಸ್ಟಿಂಗ್ (ಉತ್ಪಾದನೆಯ ಖರ್ಚಿನ ಲೆಕ್ಕ), ಆಡಿಟ್, ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್. ಪ್ರತಿ ಪೇಪರಿನಲ್ಲಿ 40 ಬರಬೇಕು, ಗ್ರೂಪಿನ ಒಟ್ಟು 50 ಪರ್ಸೆಂಟ್ ಆಗಬೇಕು. ಗ್ರೂಪ್ ಹೋದರೂ ಒಂದು ಪೇಪರಿನಲ್ಲಿ 60 ಬಂದಿದ್ದರೆ ಮುಂದಿನ ಮೂರು ಅಟೆಂಪ್ಟ್‌ವರೆಗೆ ಅದನ್ನು ಮತ್ತೆ ಬರೆಯಬೇಕಿಲ್ಲ. ಎರಡೂ ಗ್ರೂಪ್ ಒಟ್ಟಿಗೆ ಬರೆಯಲೇಬೇಕು ಅಂತ ಏನಿಲ್ಲ.

ಎರಡೂ ಗ್ರೂಪ್ ಪಾಸಾಗಿ, ಕಂಪ್ಯೂಟರ್ ಮತ್ತು ಓರಿಯೆಂಟೇಶನ್ ತರಬೇತಿ ಮುಗಿಸಿದ ಮೇಲೆ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಆಫೀಸಿನಲ್ಲಿ ಕೆಲಸ ಕಲಿಯುವುದು. ಮೊದಲು 3 ವರ್ಷ ಇತ್ತು, ಈಗ 2. ಅದು ಮುಗಿದು ಆರು ತಿಂಗಳು ಓದಿಗೆ ಬಿಟ್ಟು ಫೈನಲ್. ಅಲ್ಲೂ 6 ಪೇಪರ್. ಆರನೆಯದು ಹಲವು ವಿಷಯ ಬೆರೆಸಿದ ಕೇಸ್ ಸ್ಟಡಿ, ಪುಸ್ತಕ ನೋಡಿ ಬರೆಯುವುದು. ಜೊತೆಗೆ ಆನ್‌ಲೈನ್‌ನಲ್ಲಿ ತಾವೇ ಓದಿ ಮುಗಿಸುವ ನಾಲ್ಕು ಮಾಡ್ಯೂಲ್‌ಗಳಿವೆ, ಅವುಗಳಲ್ಲಿ 50 ಪರ್ಸೆಂಟ್ ಬೇಕು.

ಆರ್ಟಿಕಲ್‌ಶಿಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಸಿಎ ತಯಾರಾಗುವುದೇ ಅಲ್ಲಿ. ದೊಡ್ಡ ಊರಿಗೇ ಹೋಗಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ಫರ್ಮಿನಲ್ಲಿ ಹುಡುಗರನ್ನು ಒಂದೇ ಕಂಪನಿಯ ಒಂದೇ ಭಾಗಕ್ಕೆ ತಿಂಗಳುಗಟ್ಟಲೆ ಕೂರಿಸುವುದುಂಟು. ಬೆಳಗಾವಿಯ ಮಧ್ಯಮ ಫರ್ಮಿನಲ್ಲಿ ಒಬ್ಬ ಆರ್ಟಿಕಲ್ (ಆರ್ಟಿಕಲ್‌ಶಿಪ್ ಮಾಡುವ ಹುಡುಗ) ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯ (ಲೋಹ ಎರಕದ ಕಾರ್ಖಾನೆ) ಸ್ಟಾಕ್ ಎಣಿಸುತ್ತಾನೆ, ಜಿಎಸ್‌ಟಿ ರಿಟರ್ನ್ ಹಾಕುತ್ತಾನೆ, ಸೌಹಾರ್ದ ಸಹಕಾರಿಯ ಸಾಲದ ಫೈಲ್ ಬಿಚ್ಚುತ್ತಾನೆ, ಏಪ್ರಿಲ್‌ನಲ್ಲಿ ಬ್ಯಾಂಕ್ ಬ್ರಾಂಚ್ ಆಡಿಟ್‌ಗೆ ಹಳ್ಳಿ ಹಳ್ಳಿ ತಿರುಗುತ್ತಾನೆ. ಇಷ್ಟು ಬಗೆಯ ಲೆಕ್ಕ ಒಂದೇ ಕಡೆ ಸಿಗುವುದು ಇಂಥ ಊರಲ್ಲೇ. ಸೇರುವ ಮೊದಲು ಆ ಆಫೀಸಿನ ಹಳೆಯ ಆರ್ಟಿಕಲ್‌ಗಳನ್ನು ಕಂಡು ಮಾತಾಡಿಸಿ. ಏನು ಕೆಲಸ ಕೊಡುತ್ತಾರೆ, ಪರೀಕ್ಷೆಗೆ ರಜೆ ಬಿಡುತ್ತಾರಾ ಕೇಳಿ. ಹೆಸರಿಗೆ ಮಾತ್ರ ಸೇರಿ ಮನೆಯಲ್ಲಿ ಓದುವ ಡಮ್ಮಿ ಆರ್ಟಿಕಲ್‌ಶಿಪ್ ಮಾತ್ರ ಬೇಡವೇ ಬೇಡ. ಅದು ನಿಯಮಕ್ಕೂ ವಿರುದ್ಧ, ಫೈನಲ್ ಆಡಿಟ್ ಪೇಪರಿನಲ್ಲೂ ಕೈಕೊಡುತ್ತದೆ.

ಸ್ಟೈಪೆಂಡ್ ಇದೆ, ಆದರೆ ಅದರಿಂದ ಮನೆ ನಡೆಯುವುದಿಲ್ಲ. ಸಿಎ ಕೋರ್ಸ್ ನಡೆಸುವ ಇನ್‌ಸ್ಟಿಟ್ಯೂಟ್ ನಿಗದಿ ಮಾಡಿದ ಕನಿಷ್ಠ ಮೊತ್ತವೂ ಊರಿನ ಜನಸಂಖ್ಯೆ ನೋಡಿ ಬದಲಾಗುತ್ತದೆ. ಪಿಜಿ ಬಾಡಿಗೆ, ಊಟದ ಖರ್ಚನ್ನು ಮನೆಯವರು ಮೊದಲೇ ಕೂತು ಲೆಕ್ಕ ಹಾಕಿ. ಬೆಳಗಾವಿಯಲ್ಲಿ ಇನ್‌ಸ್ಟಿಟ್ಯೂಟಿನ ಶಾಖೆ ಇದೆ, ಪರೀಕ್ಷಾ ಕೇಂದ್ರವೂ ಇದೆ. ಒಮ್ಮೆ ತಂಗಿಯನ್ನು ಕರೆದುಕೊಂಡು ಬಂದು ಶಾಖೆಯಲ್ಲಿ ವಿಚಾರಿಸಿ.

ಸಕ್ಕರೆ ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿರುವ ಸಿಎಂಎ, ಬಾಗಲಕೋಟೆ ಜಿಲ್ಲೆ

ಸಾಹೇಬರು ಸಿಎ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಸಿಎಂಎ ಬಗ್ಗೆ ಹೇಳುತ್ತೇನೆ. ನಮ್ಮ ಜಿಲ್ಲೆಯವರು ಇದನ್ನು ಸಿಎ ಆಗದವರು ಮಾಡುವ ಕೋರ್ಸ್ ಅಂತ ತಿಳಿದಿದ್ದಾರೆ, ಅದು ನನಗೆ ನಿಜವಾಗಿ ಬೇಸರ.

ಕಬ್ಬಿನ ಬಿಲ್ ನಿಮ್ಮ ತಂಗಿಯೇ ನೋಡುತ್ತಾಳೆ ಅಂದಿರಲ್ಲ. ಹಾಗಾದರೆ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ಬೆಲೆ, ಅವಳಿಗೆ ಗೊತ್ತಿರುತ್ತದೆ. 2025-26ರ ಹಂಗಾಮಿಗೆ 10.25 ಪರ್ಸೆಂಟ್ ಸಕ್ಕರೆ ಇಳುವರಿಯ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಮೇಲೆ ಕ್ವಿಂಟಲ್‌ಗೆ 355 ರೂಪಾಯಿ. ರೈತರ ಮನೆಯಲ್ಲಿ ಆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ನಮಗೆ ಅಲ್ಲಿಂದ ಶುರು. ಅದೇ ಕಬ್ಬಿನಿಂದ ಸಕ್ಕರೆ ಬರುತ್ತದೆ, ಸಿಪ್ಪೆ ಬರುತ್ತದೆ, ಕಾಕಂಬಿ ಬರುತ್ತದೆ. ಸಿಪ್ಪೆ ಸುಟ್ಟು ಹಬೆ, ಹಬೆಯಿಂದ ಕರೆಂಟ್. ಕಾಕಂಬಿಯಿಂದ ಇಥೆನಾಲ್. ಹಾಗಾದರೆ ಕಬ್ಬಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಸಕ್ಕರೆಯ ಖರ್ಚು, ಎಷ್ಟು ಕರೆಂಟಿನದು, ಎಷ್ಟು ಇಥೆನಾಲ್‌ದು? ಒಂದು ಕ್ವಿಂಟಲ್ ಸಕ್ಕರೆಗೆ ನಿಜವಾಗಿ ಬಿದ್ದ ಖರ್ಚೆಷ್ಟು? ಕಾರ್ಖಾನೆ ಮುಂದೆ ಏನು ಮಾಡಬೇಕು ಅನ್ನುವುದು ಈ ಉತ್ತರದ ಮೇಲೆ ನಿಲ್ಲುತ್ತದೆ. ಆ ಉತ್ತರ ಹುಡುಕುವುದೇ ನಮ್ಮ ಕೆಲಸ. ಹಂಗಾಮು ಶುರುವಾದರೆ ಹಗಲು ರಾತ್ರಿ ಗೊತ್ತಾಗುವುದಿಲ್ಲ.

ಇದಕ್ಕೆ ಕಾನೂನಿನ ಬಲವೂ ಇದೆ. ಕಂಪನಿ ಕಾಯ್ದೆಯ 148ನೇ ಸೆಕ್ಷನ್ ಮತ್ತು 2014ರ ಕಾಸ್ಟ್ ಆಡಿಟ್ (ಉತ್ಪಾದನಾ ಖರ್ಚಿನ ಲೆಕ್ಕ ತಪಾಸಣೆ) ನಿಯಮಗಳಲ್ಲಿ ಸಕ್ಕರೆ, ಸಿಮೆಂಟ್, ವಿದ್ಯುತ್, ಔಷಧ, ರಸಗೊಬ್ಬರದಂಥ ಉದ್ಯಮಗಳು ಬರುತ್ತವೆ. ಸಕ್ಕರೆ ಕಂಪನಿಯ ಒಟ್ಟು ವಹಿವಾಟು 50 ಕೋಟಿ ದಾಟಿ, ಆ ಉತ್ಪನ್ನದ್ದೇ 25 ಕೋಟಿ ದಾಟಿದರೆ ಕಾಸ್ಟ್ ಆಡಿಟ್ ಮಾಡಿಸಲೇಬೇಕು. ಆ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಪ್ರಾಕ್ಟೀಸಿನಲ್ಲಿರುವ ಕಾಸ್ಟ್ ಅಕೌಂಟೆಂಟ್‌ಗೆ ಮಾತ್ರ. ಹಣಕಾಸಿನ ಆಡಿಟ್, ತೆರಿಗೆ ಆಡಿಟ್ ಸಿಎಯವರದು. ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ನಕ್ಷೆ ನೋಡಿ. ಎಷ್ಟು ಸಕ್ಕರೆ ಕಾರ್ಖಾನೆಗಳು! ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟೂ ಇದೆ. ಸಹಕಾರಿ ಕಾರ್ಖಾನೆಗಳು ಕಂಪನಿ ಕಾಯ್ದೆಯಡಿ ಬರುವುದಿಲ್ಲ, ಆದರೆ ಖರ್ಚು ಬಲ್ಲವರು ಅವರಿಗೂ ಬೇಕೇ ಬೇಕು.

ಸೇರುವುದು ಸುಲಭ. ಯಾವುದೇ ಪದವಿ ಆದವರು ನೇರ ಇಂಟರ್‌ಗೆ ಬರಬಹುದು. ಇಂಟರ್‌ನಲ್ಲಿ 8 ಪೇಪರ್, ಫೈನಲ್‌ನಲ್ಲಿ 8, ಎರಡೂ ಕಡೆ ಎರಡೆರಡು ಗ್ರೂಪ್. ಪಾಸಾಗುವ ಲೆಕ್ಕ ಸಿಎ ಥರವೇ, 40 ಮತ್ತು 50. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್‌ಗೆ ಬರೆಯಬೇಕಾದರೆ ಜನವರಿ 31ರೊಳಗೆ, ಡಿಸೆಂಬರ್‌ಗಾದರೆ ಜುಲೈ 31ರೊಳಗೆ ನೋಂದಣಿ ಆಗಿರಬೇಕು. ಫೈನಲ್‌ಗೆ ಮೊದಲು 15 ತಿಂಗಳ ಪ್ರಾಯೋಗಿಕ ತರಬೇತಿ. ಅದನ್ನು ಕಾರ್ಖಾನೆಯಲ್ಲೂ ಮಾಡಬಹುದು, ಮನೆಯಿಂದ ಓಡಾಡಬಹುದಾದ ದೂರದಲ್ಲಿ.

ಇನ್ನೊಂದು ಮಾತು. ಸಿಎಂಎ ಹೆಸರಲ್ಲಿ ಎರಡು ಕೋರ್ಸ್ ಇವೆ. ನಾನು ಹೇಳಿದ್ದು 1959ರ ಕಾಯ್ದೆಯಡಿ ನಡೆಯುವ ನಮ್ಮ ದೇಶದ ಸಂಸ್ಥೆಯದು. ಎರಡೇ ಭಾಗದ ಪರೀಕ್ಷೆ ಇರುವ ಅಮೆರಿಕದ ಸಿಎಂಎ ಬೇರೆ. ಅದನ್ನು ಪಾಸಾದವರು ಇಲ್ಲಿ ಕಾಸ್ಟ್ ಆಡಿಟ್‌ಗೆ ಸಹಿ ಹಾಕಲು ಆಗುವುದಿಲ್ಲ. ಜಾಹೀರಾತಿನಲ್ಲಿ ಬರೀ ಸಿಎಂಎ ಅಂತ ಇದ್ದರೆ ಯಾವುದು ಅಂತ ಕೇಳಿಯೇ ದುಡ್ಡು ಕೊಡಿ.

ಆರ್ಟಿಕಲ್‌ಶಿಪ್ ಮಾಡುತ್ತಿರುವವಳು, ಮೂಲ ಊರು ಇಂಡಿ ಕಡೆ

ಅಣ್ಣಾ, ನಾನೂ ಹತ್ತರವರೆಗೆ ಕನ್ನಡ ಮಾಧ್ಯಮವೇ. ಈಗ ಇಂಟರ್‌ನ ಎರಡೂ ಗ್ರೂಪ್ ಆಗಿದೆ. ತಂಗಿಗೆ ಹೇಳಿ, ಆಗುತ್ತದೆ.

ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಬರೆಯುವ ಅವಕಾಶ ಇರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಅಕೌಂಟಿಂಗ್, ಕಾಸ್ಟಿಂಗ್‌ನಲ್ಲಿ ಭಾಷೆ ಅಷ್ಟು ಕಾಡುವುದಿಲ್ಲ. ಕಷ್ಟ ಇರುವುದು ಕಾನೂನು ಮತ್ತು ಆಡಿಟ್‌ನಲ್ಲಿ. ಅಲ್ಲಿ ಅರ್ಥವಾದರೆ ಸಾಲದು, ಪುಸ್ತಕದ ಮಾತಿನಲ್ಲೇ ಬರೆಯಬೇಕು. ನಾನು ಮಾಡಿದ್ದು ಇಷ್ಟು. ಒಂದು ಸೆಕ್ಷನ್ ಓದುವುದು, ಪುಸ್ತಕ ಮುಚ್ಚಿ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು, ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆಯುವುದು. ಬರೆದದ್ದನ್ನು ಇನ್‌ಸ್ಟಿಟ್ಯೂಟ್ ಕೊಡುವ ಮಾದರಿ ಉತ್ತರದ ಪಕ್ಕ ಇಟ್ಟು ನೋಡುವುದು. ಮೊದಮೊದಲು ಅಳು ಬರುತ್ತದೆ. ನಿಲ್ಲಿಸಬಾರದು. ಬರೀ ಓದಿದವರಿಗಿಂತ ಮೂರು ಗಂಟೆ ಕೂತು ಪೂರ್ತಿ ಪೇಪರ್ ಬರೆದು ಅಭ್ಯಾಸ ಮಾಡಿದವರೇ ನನ್ನ ಜೊತೆಗಾರರಲ್ಲಿ ಪಾಸಾದರು. ಈಗ 30 ಅಂಕಕ್ಕೆ ಕೇಸ್ ಕೊಟ್ಟು ಸರಿ ಉತ್ತರ ಆರಿಸುವ ಪ್ರಶ್ನೆಗಳೂ ಬರುತ್ತವೆ, ಅವುಗಳಿಗೂ ಬೇರೆಯೇ ತಯಾರಿ ಬೇಕು.

ಕೋಚಿಂಗ್‌ಗೆ ಸಾಲ ಮಾಡಬೇಡಿ. ಇನ್‌ಸ್ಟಿಟ್ಯೂಟಿನ ವೆಬ್‌ಸೈಟ್‌ನಲ್ಲಿ ಪೂರ್ತಿ ಪಠ್ಯ, ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಪರೀಕ್ಷೆ ಎಲ್ಲ ಉಚಿತ. ಆನ್‌ಲೈನ್ ಪಾಠಗಳೂ ಉಚಿತ. ನಾನು ತೆರಿಗೆಗೆ ಮಾತ್ರ ದುಡ್ಡು ಕೊಟ್ಟು ಕ್ಲಾಸ್ ತಗೊಂಡೆ, ಯಾಕಂದ್ರೆ ಅದು ಪ್ರತಿ ವರ್ಷ ಬದಲಾಗುತ್ತದೆ. ವಿದ್ಯಾರ್ಥಿವೇತನವೂ ಇದೆ, ಬಡ ಕುಟುಂಬದವರಿಗೆ ಬೇರೆ, ಅಂಕದ ಮೇಲೆ ಬೇರೆ. ಅರ್ಜಿ ಹಾಕದೆ ಬಿಡಬೇಡಿ.

ಬೆಂಗಳೂರಿನಲ್ಲಿ ಎಸಿಸಿಎ ಮೇಲೆ ಕೆಲಸದಲ್ಲಿರುವವರು, ಊರು ವಿಜಯಪುರ

ನಾನು ಎಸಿಸಿಎ ಮಾಡಿ ಒಳ್ಳೆಯ ಕೆಲಸದಲ್ಲಿದ್ದೇನೆ. ಆದರೂ ನಿಮ್ಮ ತಂಗಿಗೆ ಬೇಡ ಅನ್ನುತ್ತೇನೆ.

ಇದು ಬ್ರಿಟನ್ನಿನ ಸಂಸ್ಥೆಯದು. ಈಗಿನ ಪದ್ಧತಿಯಲ್ಲಿ 13 ಪೇಪರ್, ಪ್ರತಿಯೊಂದರಲ್ಲೂ 50 ಬೇಕು, ಜೊತೆಗೆ 36 ತಿಂಗಳ ಕೆಲಸದ ಅನುಭವ. ಬಿ.ಕಾಂ ಆದವರಿಗೆ ಕೆಲವು ಪೇಪರ್ ಬಿಡುತ್ತಾರೆ. ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ ಇರುವುದರಿಂದ ಬೇಗ ಮುಗಿಯುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಫೀ ಎಲ್ಲ ಪೌಂಡಿನಲ್ಲಿ. ವಾರ್ಷಿಕ ಚಂದಾ ಬೇರೆ. ವಿದೇಶಿ ಕಂಪನಿಗಳ ಲೆಕ್ಕ ನೋಡುವ ಬೆಂಗಳೂರು, ಹೈದರಾಬಾದ್, ಪುಣೆಯ ಆಫೀಸುಗಳಲ್ಲಿ ಇದಕ್ಕೆ ಬೆಲೆ ಇದೆ. ಊರಿಗೆ ಬಂದು ಬೋರ್ಡ್ ಹಾಕಿ ಒಂದು ಕಂಪನಿಯ ಆಡಿಟ್‌ಗೆ ಸಹಿ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಆಕೆ ಆಮೇಲೆ ಮಾಡಬೇಕು ಅಂದುಕೊಂಡರೂ ದಾರಿ ಇದೆ. ಸಿಎ ಮುಗಿಸಿದವರಿಗೆ ಎಸಿಸಿಎಯಲ್ಲಿ 9 ಪೇಪರ್ ವಿನಾಯಿತಿ ಇದೆ, ನಾಲ್ಕೇ ಬರೆಯಬೇಕು.

ಒಬ್ಬ ತಂದೆ, ಗೋಕಾಕ

ನನ್ನ ಮಗಳು ಸಿಎ ಓದುತ್ತಿದ್ದಾಳೆ. ಮನೆಯವರಿಗೆ ಎರಡು ಮಾತು. ರಿಸಲ್ಟ್ ಬಂದ ದಿನ ಸಂಬಂಧಿಕರ ಫೋನ್ ನೀವೇ ತಗೊಳ್ಳಿ, ಅವಳ ಕೈಗೆ ಕೊಡಬೇಡಿ. ಫೇಲಾಗುವುದು ಈ ಓದಿನಲ್ಲಿ ಮಾಮೂಲು, ಜಾಣ ಮಕ್ಕಳಿಗೂ ಆಗುತ್ತದೆ. ಮದುವೆ ಮಾತು ಶುರು ಮಾಡುವ ಮೊದಲು ಅವಳನ್ನು ಕೇಳಿ.

ಫೈನಲ್ ಆಗದಿದ್ದರೆ ಎಲ್ಲ ನೀರಲ್ಲಿ ಹೋಯಿತು ಅನ್ನುವ ಭಯ ನಮಗೂ ಇತ್ತು. ಹೊಸ ಪದ್ಧತಿಯಲ್ಲಿ ಇಂಟರ್, ಆರ್ಟಿಕಲ್‌ಶಿಪ್, ತರಬೇತಿ, ಆ ಆನ್‌ಲೈನ್ ಮಾಡ್ಯೂಲ್‌ಗಳು ಮುಗಿದಿದ್ದರೆ ಬಿಸಿನೆಸ್ ಅಕೌಂಟಿಂಗ್ ಅಸೋಸಿಯೇಟ್ ಅಂತ ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ತಿಳಿದ ಮೇಲೆ ನಮ್ಮ ಮನೆಯಲ್ಲಿ ಸ್ವಲ್ಪ ನಿದ್ದೆ ಬಂತು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ತಂಗಿ ಎಲ್ಲವನ್ನೂ ಎರಡು ಸಲ ಓದಿದಳು. ಕಾರ್ಖಾನೆಯ ಅಣ್ಣಾರು ಬರೆದದ್ದು ಓದಿ ಸಿಎಂಎ ಕಡೆಗೂ ಮನಸ್ಸು ಎಳೆಯುತ್ತಿದೆ ಅಂತಾಳೆ. ಎರಡನ್ನೂ ಒಟ್ಟಿಗೆ ಮಾಡಬಹುದಾ? ಮತ್ತೆ, ಪದವಿ ರಿಸಲ್ಟ್ ಬರುವವರೆಗೆ ಕಾಯಬೇಕಾ?

ಬೆಳಗಾವಿಯ ಸಿಎ

ಕಾಯಬೇಕಿಲ್ಲ. ಕೊನೆಯ ವರ್ಷದಲ್ಲಿ ಇರುವವರು ತಾತ್ಕಾಲಿಕವಾಗಿ ಇಂಟರ್‌ಗೆ ನೋಂದಾಯಿಸಿಕೊಳ್ಳಬಹುದು, ಅಂಕಪಟ್ಟಿ ಆಮೇಲೆ ಕೊಡಬೇಕು. ನೋಂದಣಿಗೂ ಪರೀಕ್ಷೆಗೂ ನಡುವೆ 8 ತಿಂಗಳ ಓದು ಇರಬೇಕು. ಜನವರಿ ಪರೀಕ್ಷೆಗಾದರೆ ಮೇ 1ರೊಳಗೆ, ಮೇ ಪರೀಕ್ಷೆಗಾದರೆ ಸೆಪ್ಟೆಂಬರ್ 1ರೊಳಗೆ, ಸೆಪ್ಟೆಂಬರ್ ಪರೀಕ್ಷೆಗಾದರೆ ಜನವರಿ 1ರೊಳಗೆ.

ಎರಡನ್ನೂ ಒಟ್ಟಿಗೆ ಹಿಡಿಯುವುದು ಬೇಡ. ಮೊದಲು ಸಿಎ ಇಂಟರ್ ಎರಡನೇ ಗ್ರೂಪಿನ ಕಾಸ್ಟಿಂಗ್ ಪುಸ್ತಕ ಡೌನ್‌ಲೋಡ್ ಮಾಡಿ ಒಂದು ತಿಂಗಳು ಓದಲಿ. ಅದು ಆಡಿಟ್‌ಗಿಂತ ಹೆಚ್ಚು ಹಿಡಿಸಿದರೆ ಸಿಎಂಎಗೆ ಹೋಗಲಿ, ನಾನೇ ಹೇಳುತ್ತಿದ್ದೇನೆ. ಕಾರ್ಖಾನೆಯ ಸರ್, ಹಂಗಾಮು ನಡೆಯುವಾಗ ಒಂದು ದಿನ ಆ ಹುಡುಗಿಗೆ ನಿಮ್ಮ ವಿಭಾಗ ತೋರಿಸಲು ಆಗುತ್ತದಾ?

ಸಕ್ಕರೆ ಕಾರ್ಖಾನೆಯ ಸಿಎಂಎ

ಖಂಡಿತ. ಗೇಟ್ ಪಾಸ್ ನಾನು ಮಾಡಿಸುತ್ತೇನೆ, ಅಣ್ಣನೂ ಜೊತೆಗೆ ಬರಲಿ. ಬರುವಾಗ ಮನೆಯ ಕಬ್ಬಿನ ಬಿಲ್ ಒಂದು ತರಲು ಹೇಳಿ. ಅದನ್ನೇ ಹಿಡಿದು ಲೆಕ್ಕ ತೋರಿಸುತ್ತೇನೆ.